ಅಡ್ಡಿಲ್ಲ ಎಂಬ ಉತ್ತರ

ಹೊರಗೆ ನಲವತ್ತೈದು ಡಿಗ್ರಿ ಬಿಸಿಲು ಸುಡುತ್ತಿರುವಾಗ ಅಬುಧಾಬಿಯ ನನ್ನ ಆಫೀಸಿನಲ್ಲಿ ನಾನು ಉಣ್ಣೆಯ ಶಾಲು ಹೊದ್ದು, ಮೂಗೊರೆಸಿಕೊಳ್ಳುತ್ತ ಕೂತಿರುತ್ತೇನೆಂದರೆ ನೀವು ನಗುತ್ತೀರಿ. ನಗಿ, ಮೊದಮೊದಲು ನನಗೂ ನಗು ಬರುತ್ತಿತ್ತು. ಇಲ್ಲಿ ಚಳಿಯೂ ನಲ್ಲಿ ನೀರಿನಂತೆ ಕೊಳವೆಯಲ್ಲಿ ಬರುತ್ತದೆ. ಎಲ್ಲೋ ಒಂದು ಸ್ಥಾವರದಲ್ಲಿ ತಣ್ಣಗಾದ ನೀರು ನೆಲದಡಿ ಹರಿದು, ಕಟ್ಟಡಗಳ ಗೋಡೆಯೊಳಗೆ ಏರಿ, ಮನೆಮನೆಯನ್ನೂ ತಂಪು ಮಾಡುತ್ತದೆ. ಅದಕ್ಕೆ ಎಲ್ಲರೂ ಚಿಲ್ಲರ್ ಅನ್ನುತ್ತಾರೆ. ನಮ್ಮ ಕಂಪನಿ ತನ್ನ ನೌಕರರಿಗೆ ಕೊಟ್ಟಿರುವ ಮನೆಗಳಿಗೆ ಈ ಚಿಲ್ಲರ್ ಸರಿಯಾಗಿ ಬರುವಂತೆ ನೋಡಿಕೊಳ್ಳುವುದು ನನ್ನ ಉದ್ಯೋಗ. ಮೈಸೂರಿನ ನನ್ನ ಚಿಕ್ಕಮ್ಮ ಫೋನಿನಲ್ಲಿ ಅದನ್ನು ಚಿಲ್ಲರೆ ಕೆಲಸ ಎಂದು ಕೇಳಿಸಿಕೊಂಡು ಬಹಳ ದಿನ ಮರುಗಿದ್ದರು. ಇಪ್ಪತ್ತೆರಡು ವರ್ಷ ಕಳೆದ ಮೇಲೆ, ಅವರು ತಪ್ಪು ಕೇಳಿಸಿಕೊಂಡಿರಲಿಲ್ಲವೇನೋ ಅನ್ನಿಸುತ್ತದೆ.

ಈಚೆಗೆ ಈ ಚಿಲ್ಲರಿಗೆ ಹೊಸ ನಿಯಮಗಳು ಬಂದವು. ಪ್ರತಿ ಮನೆಗೂ ಬೇರೆ ಮೀಟರ್ ಕೂರಿಸಬೇಕು. ತಂಪು ನಿಲ್ಲಿಸುವ ಮೊದಲು ಯಾರಿಗೆ ಸೆಖೆ ತಡೆಯಲಾಗದೋ ಅಂಥವರ ಪಟ್ಟಿ ಮಾಡಿ, ಅಷ್ಟು ಹೊತ್ತು ಅವರನ್ನು ತಂಪಾದ ಜಾಗಕ್ಕೆ ಕರೆದೊಯ್ಯಬೇಕು. ಒಳ್ಳೆಯ ನಿಯಮವೇ. ಆದರೆ ಒಳ್ಳೆಯದು ಎಂಬುದು ಮೀಟಿಂಗು, ತರಬೇತಿ, ನಮೂನೆಗಳನ್ನೆಲ್ಲ ದಾಟಿ ಬಾಗಿಲು ತಟ್ಟುವ ನನ್ನ ಕೈಗೆ ಬರುವಷ್ಟರಲ್ಲಿ ಎರಡು ಚೌಕಗಳಾಗಿರುತ್ತದೆ: ಹೌದು, ಇಲ್ಲ. ಹಮ್ದಾನ್ ಸ್ಟ್ರೀಟಿನ ಹಿಂದಿನ ಕಟ್ಟಡದಲ್ಲಿ ಮಹಡಿಯಿಂದ ಮಹಡಿಗೆ ಹತ್ತಿ ನಾನು ಕೇಳುತ್ತ ಹೋದೆ. ತೊಂದರೆ ಇದೆ ಎಂದವರು ಕಡಿಮೆ. ನಮ್ಮವರಿಗೆ ತೊಂದರೆ ಹೇಳಿಕೊಳ್ಳುವುದೇ ಒಂದು ತೊಂದರೆ, ನೀವೂ ಬಲ್ಲಿರಿ. ಐದನೆಯ ಮಹಡಿಗೆ ಬರುವ ಹೊತ್ತಿಗೆ ನನ್ನ ಕಾಲು ಸೋತಿತ್ತು, ಕಿವಿಯೂ ಸೋತಿತ್ತು.

ಅಲ್ಲಿರುವುದು ಕುಂದಾಪುರದ ಕಡೆಯ ಪದ್ದಕ್ಕ. ಕಂಪನಿಯ ಲಾಂಡ್ರಿಯಲ್ಲಿ ಕೆಲಸ. ಅವರ ಗಂಡ ಶೀನಣ್ಣ ಡ್ರೈವರ್ ಆಗಿದ್ದವರು, ಹೃದಯದ ಆಪರೇಷನ್ ಆದಮೇಲೆ ಮನೆಯಲ್ಲೇ ಇದ್ದಾರೆ. ಸೆಖೆ ಆಗಕೂಡದೆಂದು ಡಾಕ್ಟರು ಹೇಳಿರುವುದು ನನಗೂ ಗೊತ್ತಿತ್ತು. "ಶೀನಣ್ಣನವರ ಹೆಸರು ಪಟ್ಟಿಗೆ ಹಾಕಲೇ?" ಎಂದು ಪದ್ದಕ್ಕನನ್ನು ಕೇಳಿದೆ. "ಅಡ್ಡಿಲ್ಲ ಸರ್," ಎಂದು ಅವರು ಚಹಾ ಮಾಡಲು ಒಳಗೆ ಹೋದರು. ನಾನು ಇಲ್ಲ ಎಂಬ ಚೌಕಕ್ಕೆ ಗುರುತು ಹಾಕಿದೆ.

ನನ್ನ ಮೈಸೂರಿನ ಕಿವಿಗೆ ಅದು 'ಪರವಾಗಿಲ್ಲ ಬಿಡಿ' ಎಂದು ಕೇಳಿಸಿತು. ಪರವಾಗಿಲ್ಲ ಎಂದೇ ಬೇಡವನ್ನು ಹೇಳುವ ಊರಿನವನು ನಾನು. ನಮ್ಮಲ್ಲಿ ಕಾಫಿ ಬೇಡದವನೂ ಪರವಾಗಿಲ್ಲ ಅನ್ನುತ್ತಾನೆ, ಕಾಲು ತುಳಿಸಿಕೊಂಡವನೂ ಪರವಾಗಿಲ್ಲ ಅನ್ನುತ್ತಾನೆ. ಪದ್ದಕ್ಕನ ಕಡೆ ಅಡ್ಡಿಲ್ಲ ಎಂದರೆ ಆಗಬಹುದು, ನಮ್ಮದೇನೂ ತಕರಾರಿಲ್ಲ, ಬರೆದುಕೊಳ್ಳಿ ಎಂದು. ಮಲಯಾಳಿಯೊಬ್ಬರು ಹೀಗೆ ಉತ್ತರಿಸಿದ್ದರೆ ಎರಡು ಸಲ ಕೇಳುತ್ತಿದ್ದೆ. ಕನ್ನಡ ತಾನೇ ಎಂಬ ಸದರದಿಂದ ಕೇಳಲಿಲ್ಲ.

ಮೀಟರ್ ಕೂರಿಸುವ ದಿನ ಬೆಳಗ್ಗೆ ಹತ್ತಕ್ಕೆ ಚಿಲ್ಲರ್ ನಿಂತಿತು. ಪಟ್ಟಿಯಲ್ಲಿದ್ದವರನ್ನೆಲ್ಲ ಪಕ್ಕದ ಕಟ್ಟಡದ ತಂಪು ಹಾಲಿಗೆ ಕರೆದೊಯ್ದೆವು. ಪದ್ದಕ್ಕ ಲಾಂಡ್ರಿಗೆ ಹೋಗಿದ್ದರು. ಮಧ್ಯಾಹ್ನ ಎರಡರ ಸುಮಾರಿಗೆ ಎದುರು ಮನೆಯವರ ಕಣ್ಣಿಗೆ ಬಿದ್ದಾಗ ಶೀನಣ್ಣ ತಮ್ಮ ಬಾಗಿಲಲ್ಲಿ ಎಚ್ಚರ ತಪ್ಪಿದ್ದರು. ಮೂರು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದರು. ನೋಡಲು ಹೋದಾಗ ಪದ್ದಕ್ಕ ದನಿ ಏರಿಸದೆ ಹೇಳಿದರು: "ನಿಮ್ಮೋರು ಕರ್ಕೊಂಡು ಹೋಗ್ಲಿಕ್ಕೆ ಬರ್ತಾರೆ ಅಂತ ಅಂಗಿ ಹಾಕ್ಕೊಂಡು, ಮಾತ್ರೆ ಕಿಸೆಲಿ ಇಟ್ಕೊಂಡು ಕೂತಿದ್ರು ಸರ್. ಹೆಸ್ರು ಬರ್ಸಿದ್ದೆ ಅಲ್ದಾ ನಾನು."

ಅಂದೇ ನನಗೆ ಅಡ್ಡಿಲ್ಲದ ಅರ್ಥ ತಿಳಿದದ್ದು. ನನಗೆ ನಾಚಿಕೆಯಾಯಿತು.

ಬರುವ ಭಾನುವಾರ ಉಳಿದ ಮೀಟರುಗಳಿಗಾಗಿ ಮತ್ತೆ ತಂಪು ನಿಲ್ಲುವುದಿತ್ತು. ಅಷ್ಟರೊಳಗೆ ಶೀನಣ್ಣನವರ ಹೆಸರು ಪಟ್ಟಿಗೆ ಸೇರಬೇಕು. ಸೇರಿಸಬೇಕಾದರೆ ಕಂಪ್ಯೂಟರು ಕಾರಣ ಕೇಳುತ್ತದೆ. ಅಲ್ಲಿಯೂ ಎರಡೇ ಚೌಕ: ನಿವಾಸಿ ಮನಸ್ಸು ಬದಲಿಸಿದ್ದಾರೆ, ಅಥವಾ ಸಿಬ್ಬಂದಿಯ ತಪ್ಪು. ಶನಿವಾರ ಸಂಜೆ ಪದ್ದಕ್ಕನ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಾಗ ಅವರೇ ನನ್ನ ಮುಖ ನೋಡಿ, "ನಾವೇ ಮೊದ್ಲು ಬ್ಯಾಡ ಅಂದದ್ದು ಅಂತ ಬರೀರಿ ಸರ್. ನಿಮ್ಗೆ ಯಾಕೆ ಸುಮ್ನೆ ತೊಂದ್ರೆ?" ಎಂದರು. ಸುಳ್ಳು ಹೇಳಲಾರೆ, ಒಂದು ಗಳಿಗೆ ಅದು ನನಗೆ ಹಿತವಾಗಿ ಕೇಳಿಸಿತು. ಈ ವಯಸ್ಸಿನಲ್ಲಿ ವೀಸಾ ಹೋದರೆ ಇನ್ನೊಂದು ಕಡೆ ಕೆಲಸ ಹುಡುಕುವ ಚೈತನ್ಯ ನನಗಿಲ್ಲ, ಮ್ಯಾನೇಜರು ಮರೆಯುವ ಜಾತಿಯವನಲ್ಲ. ದಣಿದ ಮನುಷ್ಯನಿಗೆ ಇನ್ನೊಬ್ಬರ ಔದಾರ್ಯ ಮೆತ್ತನೆಯ ಹಾಸಿಗೆಯಂತೆ ಕಾಣುತ್ತದೆ. ಆದರೆ ಅಂಗಿ ತೊಟ್ಟು ನಾಲ್ಕು ಗಂಟೆ ಕಾದ ಮನುಷ್ಯನನ್ನೇ ಬೇಡ ಎಂದವನೆಂದು ಹೇಗೆ ಬರೆಯಲಿ? ಸಿಬ್ಬಂದಿಯ ತಪ್ಪು ಎಂಬುದನ್ನು ಒತ್ತಿ, ಕೆಳಗೆ ನನ್ನ ಹೆಸರು ಬರೆದು ಕಳಿಸಿದೆ.

ಆಮೇಲೆ, ಮತ್ತೆ ಎಡವಟ್ಟಾಗದಿರಲೆಂದು, ಪದ್ದಕ್ಕನನ್ನು ಬಿಡಿಸಿ ಕೇಳಿದೆ: "ನಾಳೆ ಒಂಬತ್ತೂವರೆಗೆ ಶೀನಣ್ಣನವರನ್ನ ಕರ್ಕೊಂಡು ಹೋಗೋಕೆ ನಾನೇ ಬರ್ತೀನಿ. ಬೇಕೋ ಬೇಡವೋ, ಎರಡರಲ್ಲಿ ಒಂದು ಹೇಳಿ." ಪದ್ದಕ್ಕ ಬಾಯಿ ತೆರೆಯುವ ಮೊದಲೇ ಒಳಕೋಣೆಯಿಂದ ಉತ್ತರ ಬಂತು. ಅಷ್ಟು ದಿನ ಆ ಪ್ರಶ್ನೆಯನ್ನು ನಾನು ಶೀನಣ್ಣನವರನ್ನೇ ಕೇಳಿರಲಿಲ್ಲವೆಂಬುದು ಆಗ ಹೊಳೆಯಿತು.

"ಬೇಕು ಸರ್," ಎಂದರು ಶೀನಣ್ಣ. "ಹೋದ್ಸಲ ನಂಗೆ ತುಂಬಾ ಹೆದ್ರಿಕೆ ಆಯ್ತು."

ಪದ್ದಕ್ಕ ಕೈಯಲ್ಲಿದ್ದ ಚಹಾದ ಲೋಟವನ್ನು ನನಗೆ ಕೊಡುವುದನ್ನೂ ಮರೆತು ಅಲ್ಲೇ ಕೂತುಬಿಟ್ಟರು. ಗಂಡ ಆ ಮಾತನ್ನು ಅವರಿಗೂ ಹೇಳಿರಲಿಲ್ಲ.