ಭರಮವ್ವನ ಆವಿಗೆಯಲ್ಲಿ ಒಂದು ಗ್ಯಾಲಕ್ಸಿ

ಖಾನಾಪುರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕುಂಬಾರಿಕೆಯ ಭರಮವ್ವ ಆವಿಗೆಯ ಬೂದಿಯನ್ನು ಕೋಲಿನಿಂದ ಸರಿಸುತ್ತಾರೆ, ನಿಲ್ಲುತ್ತಾರೆ, ಮತ್ತೆ ಸರಿಸುತ್ತಾರೆ. ಒಳಗೆ ಬೆಂದಿರುವ ರಾಶಿ ಹಣತೆಗಳ ಚಿಂತೆ ಅವರಿಗಿಲ್ಲ. ಅವುಗಳ ನಡುವೆ ಮಣ್ಣಿನ ಗ್ಯಾಲಕ್ಸಿಯೊಂದಿದೆ.

"ಅವಸರ ಮಾಡಬ್ಯಾಡ್ರಿ. ಬಿಸಿ ಇದ್ದಾಗ ಗಾಳಿ ಬಡೀತಂದ್ರ ಸೀಳತೈತಿ," ಎನ್ನುತ್ತಾರೆ. ಅವಸರ ಮಾಡುತ್ತಿರುವುದು ನಾನಲ್ಲ, ಅವರೇ!

ಗಂಡ ತೀರಿಕೊಂಡಾಗ, ಹೆಂಗಸು ತಿಗರಿ ಮುಟ್ಟಬಾರದೆಂದ ನೆಂಟರ ಮಾತಿಗೆ ಸೊಪ್ಪು ಹಾಕದೆ ತಿಗರಿಯ ಮುಂದೆ ಕುಳಿತವರು ಇವರು. ದೊಡ್ಡ ಮಣ್ಣಿನ ಮುದ್ದೆ ಗಿರಗಿರನೆ ತಿರುಗುತ್ತಿರುತ್ತದೆ. ಅದರ ನೆತ್ತಿಯಲ್ಲಿ ಹಣತೆ ಮೂಡುತ್ತದೆ. ದಾರ ಎಳೆದು ಕತ್ತರಿಸಿದರೆ ಅದೇ ಮುದ್ದೆಯಿಂದ ಮತ್ತೊಂದು. ಹೀಗೆ ದಿನಕ್ಕೆ ಮುನ್ನೂರರ ಮೇಲೆ.

ಇದನ್ನು ಕಂಡೇ ಅನುಜಾ ಅವರಿಗೆ ಪಾಠವೊಂದು ಹೊಳೆದದ್ದು. ಅವರು ಬೆಳಗಾವಿಯಲ್ಲಿ ಕಣ್ಣು ಕಾಣದ ಮಕ್ಕಳಿಗೆ ವಿಜ್ಞಾನ ಕಲಿಸುವ ಶಿಕ್ಷಕಿ. ಕೆಲವು ಗ್ಯಾಲಕ್ಸಿಗಳ ಕೇಂದ್ರ ಸದಾ ಉಕ್ಕುತ್ತಿರುತ್ತದೆ. ಅಲ್ಲಿಂದ ಸಿಡಿದ ದ್ರವ್ಯವೇ ಹೊಸ ಗ್ಯಾಲಕ್ಸಿಯಾಗಿ ಬೆಳೆಯುತ್ತದೆ ಎಂಬುದು ಬೆರಳೆಣಿಕೆಯ ವಿಜ್ಞಾನಿಗಳ ವಾದ. ಕೆಲವು ಚಿತ್ರಗಳಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ನಡುವೆ ಕಾಣುವ ಬೆಳಕಿನ ಎಳೆಯನ್ನು ಆ ವಿಜ್ಞಾನಿಗಳು ಸಾಕ್ಷಿಯಾಗಿ ತೋರಿಸುತ್ತಾರೆ. ಬಹುತೇಕರು ಇದನ್ನು ಒಪ್ಪುವುದಿಲ್ಲ. ಒಂದು ಹತ್ತಿರ, ಇನ್ನೊಂದು ಬಹುದೂರ, ನಮ್ಮ ನೋಟಕ್ಕೆ ಅಕ್ಕಪಕ್ಕ ಬಿದ್ದಿವೆ ಅಷ್ಟೇ ಎನ್ನುತ್ತಾರೆ. ಮಕ್ಕಳು ಎರಡೂ ವಾದಗಳನ್ನು ಮುಟ್ಟಿ ತಿಳಿಯಲಿ ಎಂಬುದು ಅನುಜಾ ಅವರ ಆಸೆ.

ಅವರು ಕೇಳಿದಂತೆ ಮೊದಲ ಸಲ ಭರಮವ್ವ ದೊಡ್ಡ ಗ್ಯಾಲಕ್ಸಿ, ಚಿಕ್ಕದು, ನಡುವಿನ ಎಳೆ ಎಲ್ಲವನ್ನೂ ಚೆಂದವಾಗಿಯೇ ಮಾಡಿದರು. ಕೊನೆಗೆ ಕೈಯ ರೂಢಿ ಬಿಡಬೇಕಲ್ಲ, ದಾರ ಎಳೆದು ಚಿಕ್ಕದನ್ನು ಕತ್ತರಿಸಿಬಿಟ್ಟರು. ಬಹುತೇಕರ ಮಾತನ್ನು ಹೇಳಲು ಅದೇ ಸಾಕೆಂದು ಅನುಜಾ ಒಯ್ದರು. ಆದರೆ ಪಾಠದಲ್ಲಿ ಎಳೆಯ ಮಾತು ಕೇಳಿದ್ದ ಸಮೃದ್ಧಿ ಎಂಬ ಹುಡುಗಿ ಎರಡನ್ನೂ ತಡವಿ ತಡವಿ, "ಎಳಿ ಎಲ್ಲೈತ್ರಿ ಟೀಚರ್?" ಎಂದು ಕೇಳಿದಳಂತೆ.

ಆ ಎಳೆ ಈಗ ಆವಿಗೆಯೊಳಗಿದೆ, ಕಿರುಬೆರಳಿನಷ್ಟು ದಪ್ಪ. ಮಧ್ಯಾಹ್ನವೇ ಪಾಠ. ಸೀಳಿದ್ದರೆ ಇನ್ನೊಂದು ಸುಡಲು ಹೊತ್ತಿಲ್ಲ.

"ನಿದ್ದಿ ಹತ್ತಿಲ್ರಿ. ಪಣತಿ ಒಡದ್ರ ಬ್ಯಾರೆ ಮಾಡ್ತೀನಿ. ಆ ಕೂಸಿಗಿ ಇನ್ನೊಮ್ಮಿ ಇಲ್ಲ ಅಂತ ಹ್ಯಾಂಗ ಹೇಳ್ಲಿ?"

ಕೊನೆಗೆ ಬಟ್ಟೆ ಸುತ್ತಿದ ಕೈಯಿಂದ ಅದನ್ನು ಎತ್ತಿ ನೆಲಕ್ಕಿಡುತ್ತಾರೆ. ಬೂದಿ ಊದುತ್ತಾರೆ. ನೋಡಲು ಧೈರ್ಯ ಸಾಲದೆ ನಾನು ಅವರ ಮುಖವನ್ನೇ ನೋಡುತ್ತೇನೆ. ಅವರು ಅದು ಆರುವ ತನಕ ಕಾದು, ಕಣ್ಣು ಮುಚ್ಚಿ, ದೊಡ್ಡದರಿಂದ ಚಿಕ್ಕದರವರೆಗೆ ಬೆರಳು ಹರಿಸುತ್ತಾರೆ. ಬೆರಳು ಎಲ್ಲೂ ತಡೆಯುವುದಿಲ್ಲ.

"ಆಕಿ ಮುಟ್ಟೂಮುಂದ ನಾನೂ ಬಾಜೂಕ ಇರಬೇಕ್ರಿ," ಎನ್ನುತ್ತಾರೆ. "ಮ್ಯಾಲ ಖರೇನ ಕೂಡೈತೋ ಇಲ್ಲೋ, ಓದಿದಾವ್ರು ಹುಡುಕ್ಲಿ. ಇಲ್ಲಿ ಮಾತ್ರ ಕೂಡೈತಿ."