ಆಪರೇಟರ್ ಸಾರ್ ಕೇಳಿಸಿಕೊಂಡ ಪುಟ

ಕಳೆದ ಶನಿವಾರ ಕಾಕ್ಸ್ ಟೌನಿನ ನಮ್ಮ ಮನೆಯ ಅಟ್ಟ ಖಾಲಿ ಮಾಡುವಾಗ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಸಿಕ್ಕಿತು. ಒಳಗೆ ಸುತ್ತಿಟ್ಟ ವೈರುಗಳು, ಕೆಟ್ಟ ಮೌಸು, ತಳದಲ್ಲಿ ದಪ್ಪ ಕಂದು ಕಾಗದದಲ್ಲಿ ಸುತ್ತಿದ ಒಂದು ಫ್ಲಾಪಿ. ಅದರ ಮೇಲೆ ನನ್ನದೇ ಕೈಬರಹದಲ್ಲಿ 'ಸಪ್ಪೆ' ಎಂದು ಬರೆದಿತ್ತು. ಸುತ್ತಿದ ಕಾಗದದಲ್ಲಿ ಮಾತ್ರ ಅಕ್ಷರಗಳಿರಲಿಲ್ಲ. ಸಾಲು ಸಾಲಾಗಿ ಉಬ್ಬಿದ ಚುಕ್ಕೆಗಳಿದ್ದವು, ಬ್ರೈಲ್ ಲಿಪಿ. ಅದು ಎಲ್ಲೋ ಕಳೆದುಹೋಗಿದೆ ಎಂದುಕೊಂಡು ನಾನು ಬಹಳ ವರ್ಷ ನೆಮ್ಮದಿಯಾಗಿದ್ದೆ. ಏಣಿಯ ಮೇಲೇ ಕುಳಿತುಬಿಟ್ಟೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಅವ್ವ ಮತ್ತು ನಾನು ದಾವಣಗೆರೆಯಿಂದ ಬಂದು ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಪಕ್ಕದ ಬೀದಿಯಲ್ಲಿ ಬಾಡಿಗೆಗಿದ್ದೆವು. ಕೆಳಗಿನ ಮನೆಯಲ್ಲಿ ಆಪರೇಟರ್ ಸಾರ್ ಮತ್ತು ಅವರ ಹೆಂಡತಿ. ಅವರು ಕಂಟೋನ್ಮೆಂಟ್ ಕಡೆಯ ಒಂದು ದೊಡ್ಡ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಇಡೀ ಕಚೇರಿಯ ನಂಬರುಗಳನ್ನು ಬ್ರೈಲ್ ಹಾಳೆಗಳಲ್ಲಿ ಕುಟ್ಟಿ ದಪ್ಪನೆಯ ಪುಸ್ತಕ ಮಾಡಿಕೊಂಡಿದ್ದರು. ಅದನ್ನು ತೆರೆಯುವ ಅಗತ್ಯ ಅವರಿಗೆ ಬೀಳುತ್ತಿದ್ದುದು ಕಡಿಮೆ.

ಹೆಜ್ಜೆ ಸಪ್ಪಳದಲ್ಲೇ ಮನುಷ್ಯರನ್ನು ಗುರುತಿಸುತ್ತಾರೆ ಎಂದು ಬೀದಿಯವರು ಅವರ ಬಗ್ಗೆ ಕತೆ ಕಟ್ಟಿದ್ದರು. ನಾನೂ ಒಮ್ಮೆ ಬೆರಗಿನಿಂದ ಹಾಗೆಯೇ ಕೇಳಿದ್ದೆ. "ಅದೆಲ್ಲ ಸಿನಿಮಾದಲ್ಲಮ್ಮ. ನೀನು ಚಪ್ಪಲಿ ಬದಲಾಯಿಸಿದ್ರೆ ನಂಗೆ ಗೊತ್ತಾಗಲ್ಲ," ಎಂದು ನಕ್ಕಿದ್ದರು. ಕರುಣೆ ತೋರಿಸಲು ಬಂದವರನ್ನು ಹೀಗೆ ತಮಾಷೆಯಲ್ಲೇ ಮುಗಿಸುತ್ತಿದ್ದರು. ನನಗೆ ಅವರು ಇಷ್ಟವಾದದ್ದೇ ಅದಕ್ಕೆ.

ನಾನು ಇಂದಿರಾನಗರದಲ್ಲಿ, ಒಂದು ಬೇಕರಿಯ ಮೇಲಿದ್ದ ಪುಟ್ಟ ಕಂಪನಿಯಲ್ಲಿ ವೆಬ್‌ಸೈಟ್ ಮಾಡುವ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬಾಸ್ ದಿನಾ ಬೆಳಿಗ್ಗೆ ನನ್ನ ಮುಖ ನೋಡಿ ಏನೋ ಲೆಕ್ಕ ಹಾಕುತ್ತಿದ್ದಂತೆ ಅನ್ನಿಸುತ್ತಿತ್ತು. ಅಂಥ ದಿನಗಳಲ್ಲಿ ಆಪರೇಟರ್ ಸಾರ್ ಒಂದು ಸಂಜೆ ಗೇಟಿನ ಬಳಿಯೇ ನಿಲ್ಲಿಸಿ ಸುದ್ದಿ ಕೊಟ್ಟರು. ಅವರ ಕಚೇರಿಯವರು ಒಳಗಿನ ಬಳಕೆಗೆ ಒಂದು ವೆಬ್‌ಸೈಟ್ ಮಾಡಿಸುತ್ತಾರಂತೆ. ಟೆಲಿಫೋನ್ ಡೈರೆಕ್ಟರಿಯೂ ಅದರಲ್ಲೇ ಬರುತ್ತದಂತೆ. "ನಿಮ್ಮ ಬಾಸಿಗೆ ಹೇಳಮ್ಮ, ನಾನು ಮೇಲೆ ಮಾತಾಡ್ತೀನಿ."

ಮಾತಾಡಿಯೂ ಬಿಟ್ಟರು. ಕೆಲಸ ಹೆಚ್ಚುಕಡಿಮೆ ನಮಗೇ ಎಂದಾಯಿತು. ತಮ್ಮ ಕುರ್ಚಿಯನ್ನು ಅಲುಗಾಡಿಸುವ ಕೆಲಸವನ್ನು ಅವರೇ ಕೈಹಿಡಿದು ನಮ್ಮ ಮನೆಗೆ ತಂದುಕೊಟ್ಟಿದ್ದರು.

ಏಕೆಂದರೆ ಆ ಕಚೇರಿಗೆ ಹೊಸ ಟೆಲಿಫೋನ್ ಎಕ್ಸ್‌ಚೇಂಜ್ ಬರುವುದಿತ್ತು. ಆಮೇಲೆ ಕರೆಗಳನ್ನು ಜೋಡಿಸಲು ಆಪರೇಟರ್ ಬೇಕಾಗಿರಲಿಲ್ಲ. ಅವರ ಮೇಲಧಿಕಾರಿ ಒಂದು ಮಾತು ಕೊಟ್ಟಿದ್ದರು: ಕಂಪ್ಯೂಟರಿನಲ್ಲಿ ಡೈರೆಕ್ಟರಿ ಹುಡುಕಿ ಹೇಳಲು ಬಂದರೆ ವಿಚಾರಣೆಯ ಮೇಜಿಗೆ ಹಾಕುತ್ತೇವೆ, ಬರದಿದ್ದರೆ ಸ್ವಯಂ ನಿವೃತ್ತಿಯ ಫಾರಂ ತುಂಬಿ. ಸಾರ್ ಅಂಜಲಿಲ್ಲ. ಹಳೆಯ ಕಂಪ್ಯೂಟರೊಂದನ್ನು ಮನೆಗೆ ತರಿಸಿಕೊಂಡರು. ಪರದೆಯ ಮೇಲಿದ್ದದ್ದನ್ನು ಇಂಗ್ಲಿಷಿನಲ್ಲಿ ಓದಿ ಹೇಳುವ ಸಾಫ್ಟ್‌ವೇರ್ ಹಾಕಿಸಿಕೊಂಡರು. ಅದು ಬಿಟ್ಟಿ ಪ್ರತಿಯಾದ್ದರಿಂದ ನಲವತ್ತು ನಿಮಿಷ ಮಾತಾಡಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಮತ್ತೆ ಕಂಪ್ಯೂಟರ್ ಆರಿಸಿ ಹಚ್ಚಬೇಕು. "ನನ್ನ ಹೆಂಡತಿಗಿಂತ ವಾಸಿ, ನಡುವೆ ಬಿಡುವು ಕೊಡುತ್ತೆ," ಎನ್ನುತ್ತಿದ್ದರು. ಆಂಟಿ ಒಳಗಿನಿಂದಲೇ ಬೈಯುತ್ತಿದ್ದರು.

ಇತ್ತ ನಮ್ಮ ಕಂಪನಿಯಲ್ಲಿ ಒಂದು ತೀರ್ಮಾನ ಬಾಕಿ ಇತ್ತು. ಪುಟಗಳನ್ನು ಕಣ್ಣಿನಿಂದಲೇ ನೋಡುತ್ತ, ಎಳೆದು ಕೂರಿಸುತ್ತ ಕಟ್ಟುವ ಸಾಫ್ಟ್‌ವೇರುಗಳು ಬಂದಿದ್ದವು. ಎರಡರ ಪ್ರಯೋಗದ ಪ್ರತಿ ತರಿಸಿದ್ದೆವು. ಮೂವತ್ತು ದಿನದೊಳಗೆ ಒಂದನ್ನು ಆರಿಸಬೇಕು. ಆರಿಸುವ ಹೊಣೆ ನನ್ನದು. ಎರಡಕ್ಕೂ ನಾನು ಅಡ್ಡಹೆಸರು ಇಟ್ಟಿದ್ದೆ. ಒಂದು ಶೋಕಿ, ಒಂದು ಸಪ್ಪೆ. ಶೋಕಿಯಲ್ಲಿ ಏನನ್ನು ಎಲ್ಲಿ ಬಿಟ್ಟರೂ ಅಲ್ಲೇ ಕೂರುತ್ತಿತ್ತು. ಆಗ ಕನ್ನಡ ಫಾಂಟಿನದೊಂದು ದೊಡ್ಡ ತಲೆನೋವು, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವೆಲ್ಲ ಕಸದಂತೆ ಕಾಣುತ್ತಿತ್ತು. ಶೋಕಿ ಅಕ್ಷರಗಳನ್ನೆಲ್ಲ ಚಿತ್ರ ಮಾಡಿ ಆ ಕಾಟವನ್ನೇ ಮುಗಿಸುತ್ತಿತ್ತು. ಸಪ್ಪೆಯಲ್ಲಿ ಪುಟ ಒಂದು ಪಟ್ಟಿಯ ಹಾಗೆ ನೆಟ್ಟಗೆ, ಬೋಳಾಗಿ ಬರುತ್ತಿತ್ತು. ಯಾರನ್ನು ಕೇಳಿದರೂ ಶೋಕಿ ಎನ್ನುತ್ತಿದ್ದರು. ಅವ್ವ ಒಬ್ಬಳು ಮಾತ್ರ ನಾನು ಎರಡನ್ನೂ ವರ್ಣಿಸಿದ್ದನ್ನು ಕೇಳಿ, "ಮೇಲೆ ಥಳುಕು, ಒಳಗೆ ಹುಳುಕು ಇದ್ದೀತು, ನೋಡ್ಕೋ ಮತ್ತ," ಅಂದಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಶೋಕಿಯಲ್ಲಿ ಕಟ್ಟಿದ ಡೈರೆಕ್ಟರಿಯ ಪುಟವನ್ನು ಫ್ಲಾಪಿಯಲ್ಲಿ ಹಾಕಿಕೊಂಡು ಕೆಳಗೆ ಹೋದೆ. ನನಗೆ ಜಂಬವೂ ಇತ್ತು. ಸಾರ್ ಕೀಬೋರ್ಡಿನ ಮುಂದೆ ಕುಳಿತು ಕೆಳಗಿನ ಬಾಣದ ಗುಂಡಿ ಒತ್ತಿದರು. ಯಂತ್ರದ ದನಿ ಶುರುವಾಯಿತು. ಗ್ರಾಫಿಕ್, ಸ್ಪೇಸರ್ ಡಾಟ್ ಜಿಫ್. ಮತ್ತೆ ಒತ್ತಿದರು. ಸ್ಪೇಸರ್ ಡಾಟ್ ಜಿಫ್. ಮತ್ತೆ. ಸ್ಪೇಸರ್ ಡಾಟ್ ಜಿಫ್...

ನಾನು ಪುಟದಲ್ಲಿ ಅಂದವಾಗಿ ಬಿಟ್ಟಿದ್ದ ಖಾಲಿ ಜಾಗಗಳಿಗೆಲ್ಲ ಶೋಕಿ ಕಣ್ಣಿಗೆ ಕಾಣದ ಪುಟ್ಟ ಪುಟ್ಟ ಚಿತ್ರಗಳನ್ನು ತುರುಕಿತ್ತು. ಆ ಯಂತ್ರ ಒಂದನ್ನೂ ಬಿಡದೆ ಓದುತ್ತಿತ್ತು. ಹೆಸರು, ನಂಬರುಗಳೆಲ್ಲ ಚಿತ್ರಗಳಾಗಿದ್ದರಿಂದ ಅವುಗಳಲ್ಲಿ ಅದಕ್ಕೆ ಓದಲು ಏನೂ ಇರಲಿಲ್ಲ. ಸಾರ್ ಬೇಸರವಿಲ್ಲದೆ ಒತ್ತುತ್ತಲೇ ಇದ್ದರು. ಕೊನೆಗೆ ಅವರು ಕೇಳಿದರು: "ಹೆಸರೆಲ್ಲಿದೆಯಮ್ಮ?"

"ಅಲ್ಲೇ ಇದೆ ಸಾರ್, ಸ್ಕ್ರೀನ್ ಮೇಲೆ," ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅಷ್ಟರಲ್ಲಿ ನಲವತ್ತು ನಿಮಿಷ ಮುಗಿದು ದನಿ ನಿಂತುಹೋಯಿತು. ಆ ಮೌನದಲ್ಲಿ ಅಡುಗೆಮನೆಯಲ್ಲಿ ಆಂಟಿಯೂ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಗೊತ್ತಾಯಿತು.

ಮರುದಿನ ಸಂಜೆ ಅದೇ ಪಟ್ಟಿಯನ್ನು ಸಪ್ಪೆಯಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಮಾಡಿ ತಂದೆ. ಈ ಸಲ ಸಾರ್ ಹುಡುಕಲು ಕಂಟ್ರೋಲ್ ಮತ್ತು ಎಫ್ ಗುಂಡಿಗಳನ್ನು ಒಟ್ಟಿಗೆ ಒತ್ತಿ, ಅಕೌಂಟ್ಸ್ ಎಂದು ಟೈಪ್ ಮಾಡಿ, ಎಂಟರ್ ಹೊಡೆದರು. ಹೆಸರು, ಮಹಡಿ, ನಂಬರು ಮೂರೂ ಕೇಳಿಸಿದವು. ಅವರು ಮತ್ತೊಂದು ಹುಡುಕಿದರು, ಇನ್ನೊಂದು ಹುಡುಕಿದರು. ಹೊಸ ಸೈಕಲ್ ಸಿಕ್ಕ ಹುಡುಗನ ಹಾಗೆ ನಿಲ್ಲಿಸಲೇ ಇಲ್ಲ. ಆಂಟಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಉಬ್ಬಿಹೋಗಿ ಮಾತು ಕೊಟ್ಟೆ: "ಇದನ್ನೇ ತಗೋತೀವಿ ಸಾರ್. ಮುಂದಿನ ಸೋಮವಾರ ದೊಡ್ಡ ಸಾಹೇಬ್ರಿಗೆ ತೋರಿಸುವಾಗ ಮೇಲಿಂದ ಫೋನ್ ಮಾಡಿ ನಿಮ್ಮನ್ನೂ ಕರೀತೀನಿ. ನೀವೇ ಹುಡುಕಿ ತೋರಿಸಿ."

ಆ ಸೋಮವಾರ ಹನ್ನೊಂದು ಗಂಟೆಗೆ ಬಾಸ್ ಮತ್ತು ನಾನು ಅವರ ಕಚೇರಿಯ ಮೂರನೆಯ ಮಹಡಿಯಲ್ಲಿ ದೊಡ್ಡ ಸಾಹೇಬರ ಕೋಣೆಯಲ್ಲಿದ್ದೆವು. ಸಾರ್ ಕೆಳಗೆ ನೆಲಮಹಡಿಯಲ್ಲಿ ಟೆಲಿಫೋನ್ ಬೋರ್ಡಿನ ಮುಂದಿದ್ದರು. ಓದಿ ಹೇಳುವ ಸಾಫ್ಟ್‌ವೇರಿನ ಸಿ.ಡಿ. ನನ್ನ ಚೀಲದಲ್ಲಿತ್ತು. ಮೇಜಿನ ಮೇಲೆ ಫೋನ್ ಇತ್ತು. ಒಂಬತ್ತು ಒತ್ತಿದರೆ ಆಪರೇಟರ್. ನಾನು ಮಾಡಬೇಕಾಗಿದ್ದದ್ದು ಅಷ್ಟೇ.

ಬಾಸ್ ಮೊದಲು ಶೋಕಿಯ ಪುಟ ತೋರಿಸಿದರು. ಸಾಹೇಬರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಆಮೇಲೆ ಸಪ್ಪೆ. "ಇದೇನ್ರೀ, ರೇಷನ್ ಅಂಗಡಿ ಬೋರ್ಡ್ ಇದ್ದಂಗಿದೆ," ಎಂದು ಸಾಹೇಬರು ನಕ್ಕರು. ಬಾಸೂ ನಕ್ಕರು. ಸಾಹೇಬರು ಪೆನ್ನಿನ ಕ್ಯಾಪ್ ತೆಗೆದು ಹೇಳಿದರು: "ಇವತ್ತೇ ವರ್ಕ್ ಆರ್ಡರ್ ಕೊಟ್ಬಿಡ್ತೀನಿ. ಯಾವುದ್ರಲ್ಲಿ ಮಾಡ್ತೀರಾ?"

"ಡಿಸೈನ್ ಇವರ್ದೇ ಸರ್, ಇವರೇ ಹೇಳ್ಲಿ," ಎಂದು ಬಾಸ್ ನನ್ನ ಕಡೆ ತಿರುಗಿದರು. ಅವರ ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ನಾನು ಫೋನ್ ನೋಡಿದೆ. ಕೈ ಮಡಿಲಿನಲ್ಲೇ ಇತ್ತು. ಕಾಯಂ ಪತ್ರ, ಅವ್ವ, ಮನೆ, ಎಲ್ಲ ತಲೆಯಲ್ಲಿ ಒಟ್ಟಿಗೆ ಗಿರಕಿ ಹೊಡೆದವು. ಇವೆಲ್ಲ ನೆಪ ಎಂದು ಆಗಲೂ ಗೊತ್ತಿತ್ತು. ನಿಜ ಹೇಳಬೇಕೆಂದರೆ ಆ ಕೋಣೆಯಲ್ಲಿ ರೇಷನ್ ಅಂಗಡಿಯ ಬೋರ್ಡು ಬರೆದವಳು ಅನ್ನಿಸಿಕೊಳ್ಳಲು ನನಗೆ ನಾಚಿಕೆಯಾಯಿತು.

"ಮೊದಲು ತೋರಿಸಿದ್ದೇ ಸರ್," ಎಂದೆ.

ಸಾಹೇಬರು ಖುಷಿಯಿಂದ ಫೋನಿನ ಸ್ಪೀಕರ್ ಹಾಕಿ ಒಂಬತ್ತು ಒತ್ತಿದರು. ಒಂದೇ ರಿಂಗಿಗೆ ಆ ಕಡೆಯಿಂದ ಎತ್ತಿದರು. ಸಾಹೇಬರು ಬಾಯಿ ತೆರೆಯುವ ಮೊದಲೇ ಆಪರೇಟರ್ ಸಾರ್ ದನಿ ಕೋಣೆಯನ್ನೆಲ್ಲ ತುಂಬಿಕೊಂಡಿತು: "ಬಂದೆ ಸರ್, ಬರ್ತಾ ಇದೀನಿ!"

"ಎಲ್ಲಿಗ್ರೀ ಬರ್ತೀರಾ? ಅಡ್ಮಿನಿಸ್ಟ್ರೇಷನ್‌ಗೆ ಕೊಡಿ. ವೆಬ್‌ಸೈಟ್ ಆರ್ಡರ್ ಟೈಪ್ ಮಾಡಿಸ್ಬೇಕು."

ಆ ಕಡೆಯಿಂದ, ಎಂದಿನ ಸರ್ಕಾರಿ ದನಿಯಲ್ಲಿ, "ಯೆಸ್ ಸರ್. ಲೈನಲ್ಲಿರಿ." ನಾನು ಅವರಿಗೆ ಮಾಡಿದ ಮೋಸಕ್ಕೆ ಲೈನು ಜೋಡಿಸಿಕೊಟ್ಟವರೂ ಅವರೇ ಆದರು.

ಅದಾದ ಮೇಲೆ ಒಂದು ವಾರ ನಾನು ಗೇಟು ಸದ್ದಾಗದ ಹಾಗೆ ತೆರೆದು ಮೆಟ್ಟಿಲು ಹತ್ತುತ್ತಿದ್ದೆ. ನಾಚಿಕೆಗೇಡು, ಚಪ್ಪಲಿಯನ್ನೂ ಬದಲಾಯಿಸಿದ್ದೆ. ಎಂಟನೆಯ ದಿನ ಅವರು ಬಾಗಿಲಲ್ಲೇ ಕುಳಿತಿದ್ದರು. ಅಂದು ಗುರುತು ಹಿಡಿದರು. "ಪೇಜು ತುಂಬ ಚೆನ್ನಾಗಿದೆಯಂತೆ ಕಣಮ್ಮ. ಆಫೀಸಲ್ಲಿ ಎಲ್ರೂ ಹೇಳ್ತಿದಾರೆ," ಎಂದರು. ಅದರಲ್ಲಿ ಚುಚ್ಚು ಹುಡುಕಿದೆ. ಇರಲಿಲ್ಲ. ಬೈದಿದ್ದರೆ ಕಾಲು ಹಿಡಿದು ಅತ್ತುಬಿಡುತ್ತಿದ್ದೆನೇನೋ.

ನನಗೆ ಕಾಯಂ ಪತ್ರ ಬಂದ ತಿಂಗಳಲ್ಲೇ ಅವರು ಫಾರಂ ತುಂಬಿದರು. ರಾಮಮೂರ್ತಿ ನಗರದಲ್ಲಿ ಆಂಟಿಯ ತಮ್ಮನ ಮನೆಯ ಹತ್ತಿರಕ್ಕೆ ಹೊರಟರು. ಸಾಮಾನು ಲಾರಿಗೆ ಹತ್ತಿಸಿದ ಮೇಲೆ ಆಂಟಿ ಮೇಲೆ ಬಂದು, ಸಪ್ಪೆಯ ಫ್ಲಾಪಿಯನ್ನು ಆ ಕಂದು ಹಾಳೆಯಲ್ಲಿ ಸುತ್ತಿ ಕೊಟ್ಟರು. "ನಿಂದು, ಕೊಟ್ಬಿಡು ಅಂದ್ರು," ಎಂದಷ್ಟೇ ಹೇಳಿದರು. ಆ ಹಾಳೆಯಲ್ಲಿ ನನ್ನ ಬಗ್ಗೆ ಏನೋ ಬರೆದಿದ್ದಾರೆ ಎಂಬ ಹೆದರಿಕೆಗೆ ಅದನ್ನು ಯಾರಿಗೂ ಓದಿಸಲಿಲ್ಲ.

ಎರಡು ವರ್ಷದ ಮೇಲೆ ಒಂದು ವಿಷಯ ಗೊತ್ತಾಯಿತು. ಪ್ರತಿ ಚಿತ್ರದ ಹಿಂದೆ ನಾಲ್ಕು ಮಾತು ಬರೆದಿಡಲು ಶೋಕಿಯಲ್ಲೂ ಒಂದು ಜಾಗವಿತ್ತು. ಬರೆದಿದ್ದರೆ ಯಂತ್ರ ಅದನ್ನು ಓದುತ್ತಿತ್ತು. ಸಾಹೇಬರಿಗೆ ಥಳುಕೂ ಸಿಗುತ್ತಿತ್ತು, ಸಾರ್‌ಗೆ ವಿಚಾರಣೆಯ ಮೇಜೂ ದಕ್ಕುತ್ತಿತ್ತು. ಆ ಖಾಲಿ ಚೌಕವನ್ನು ನಾನು ದಿನಾ ನೋಡುತ್ತಿದ್ದೆ. ಯಾಕಿದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ರಾಮಮೂರ್ತಿ ನಗರ ದೂರವೇನಲ್ಲ. ಹೋಗಬೇಕು, ಹೋಗಬೇಕು ಎಂದುಕೊಂಡೇ... ಅವರು ತೀರಿಕೊಂಡ ಸುದ್ದಿಯನ್ನು ಹಳೆಯ ಮನೆ ಮಾಲೀಕರು ಮಾರ್ಕೆಟಿನಲ್ಲಿ, ಸೊಪ್ಪು ಆರಿಸುತ್ತ ಹೇಳಿದರು. ಆಗಲೇ ವರ್ಷ ಕಳೆದಿತ್ತು.

ಈಗ ನಮ್ಮ ಕಚೇರಿಯಲ್ಲಿ ಪುಟಗಳನ್ನು ಕೇಳಿ ಪರೀಕ್ಷಿಸುವುದೇ ಒಂದು ಹುದ್ದೆ. ಆ ಹುದ್ದೆಯಲ್ಲಿರುವ ಹುಡುಗಿಗೆ ಕಣ್ಣು ಕಾಣುವುದಿಲ್ಲ, ಬಾಯಿ ಬಹಳ ಜೋರು. ಈ ಸೋಮವಾರ ಹಾಳೆಯನ್ನು ಅವಳ ಮುಂದಿಟ್ಟೆ. ಅವಳು ಬೆರಳಾಡಿಸುತ್ತ ಜೋರಾಗಿ ಓದಿದಳು:

"ಸೋಮವಾರ. ಇಸ್ತ್ರಿ ಶರ್ಟು. ಹನ್ನೊಂದು ಗಂಟೆಗೆ ಮೇಲಿಂದ ಹುಡುಗಿ ಫೋನ್. ಕಂಟ್ರೋಲ್ ಎಫ್. ಹೆಸರು. ಎಂಟರ್. ಅವಸರ ಬೇಡ."

ನನ್ನ ಬಗ್ಗೆ ಬೇರೇನೂ ಇರಲಿಲ್ಲ. ಅದು ಅವರು ತಮಗೇ ಬರೆದುಕೊಂಡ ಚೀಟಿ. ಕೆಲಸ ಮುಗಿದ ಮೇಲೆ ಫ್ಲಾಪಿ ಸುತ್ತಲು ಬಂದಿತ್ತು, ಅಷ್ಟೇ. ಹಾಳೆಯನ್ನು ನನ್ನತ್ತ ಸರಿಸುತ್ತ ಹುಡುಗಿ ಕೇಳಿದಳು: "ಯಾರ್ದು ಮೇಡಂ ಇದು? ಆ ಹುಡುಗಿ ಫೋನ್ ಮಾಡಿದ್ಳಾ?"

"ಇಲ್ಲ," ಎಂದೆ. "ಫೋನ್ ಅವಳ ಕೈಗೆ ಎಟುಕೋ ಹಾಗೇ ಇತ್ತು. ಮಾಡಲಿಲ್ಲ."