ಮಧುಸೂದನನ ಎದೆ

ಕೆಂಚಾರ್ಲಹಳ್ಳಿಯ ಮಧುಸೂದನನಿಗೆ ಹೆದರಿಕೆ ಅಂತ ಇದ್ದದ್ದು ಒಂದಕ್ಕೇ, ಸೂಜಿಗೆ. ಚಿಂತಾಮಣಿಯ ಜಿಮ್ಮಿನಲ್ಲಿ ಕಬ್ಬಿಣ ಎತ್ತಿ ಹೂಂಕರಿಸುವ ಗಂಡು, ಸಿರಿಂಜ್ ಕಂಡರೆ ಗೋಡೆ ಹಿಡಿಯುತ್ತಿದ್ದ. ಆದರೆ ಚಿಕ್ಕಬಳ್ಳಾಪುರದ ದೇಹದಾರ್ಢ್ಯ ಸ್ಪರ್ಧೆ ಹತ್ತಿರ ಬಂದಿತ್ತು. ಅವನಿಗೆ ನಿಶ್ಚಯವಾಗಿದ್ದ ಶಿಡ್ಲಘಟ್ಟದ ಹರಿತಾ ನೋಡಲು ಬರುತ್ತೇನೆಂದಿದ್ದಳು. ಅವಳಪ್ಪ ವೆಂಕಟರವಣಪ್ಪ ಮಗಳ ಜೊತೆ ಬಳುವಳಿಯಾಗಿ ಹಾಲು ಕರೆಯುವ ಹಸುವನ್ನೂ ಕಳಿಸುವ ಮಾತು ಕೊಟ್ಟಿದ್ದರು. ಅಂಥವರ ಎದುರು ಸೋಲುವುದುಂಟೇ? ಜಿಮ್ಮಿನ ಗೆಳೆಯನೊಬ್ಬ ಸ್ಟೆರಾಯ್ಡ್ ಸೀಸೆಗಳನ್ನು ಕೈಗಿಟ್ಟ. ಚುಚ್ಚುವವರು ಯಾರು?

ಊರಲ್ಲಿ ಕೈ ಪಳಗಿದವನು ಒಬ್ಬನೇ, ದನಗಳಿಗೆ ಇಂಜೆಕ್ಷನ್ ಕೊಡುವ ಬಯ್ಯಪ್ಪ. "ಔಸ್ದಿ ಯಾವ್ದೋ ನಂಗ್ ಗೊತ್ತಿಲ್ಲ, ಚುಚ್ಚೋದ್ ಗೊತ್ತು" ಎಂದ ಆತ, ಮಧುಸೂದನನನ್ನು ಕೊಟ್ಟಿಗೆಯ ಕಂಬ ಹಿಡಿಸಿ ನಿಲ್ಲಿಸಿದ. ಅಭ್ಯಾಸಬಲದಿಂದ ಸೊಂಟದ ಕೆಳಗೆ ಪಟಪಟ ತಟ್ಟಿ, "ಹೋ... ಹೋ... ನಿಂತ್ಕಳಪ್ಪ" ಎನ್ನುತ್ತ ಚುಚ್ಚಿಯೇಬಿಟ್ಟ. ಪಕ್ಕದ ಎಮ್ಮೆ ತಲೆಯೆತ್ತಿಯೂ ನೋಡಲಿಲ್ಲ.

ವಾರವಾರವೂ ಈ ಮರ್ಯಾದೆ ನಡೆಯಿತು. ತೋಳು ಉಬ್ಬಿತು, ಬೆನ್ನ ತುಂಬ ಮೊಡವೆ ಎದ್ದಿತು, ಸಿಟ್ಟಂತೂ ಮೂಗಿನ ತುದಿಗೇ ಬಂದು ಕೂತಿತು. ಮುದ್ದೆ ಮೆತ್ತಗಾಯಿತೆಂದು ಅಜ್ಜಿ ಓಬಳಮ್ಮನ ಮೇಲೂ ಕೂಗಾಡಿದ. "ಯಾವ್ ದೆವ್ವ ಮೆಟ್ಕೊಂಡೈತೋ ನಮ್ ಹುಡುಗುಂಗೆ" ಎಂದು ಅಜ್ಜಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

ಸ್ಪರ್ಧೆಗೆ ಇನ್ನೇನು ವಾರವಿದೆ ಎನ್ನುವಾಗ ಎದೆ ನೋಯತೊಡಗಿತು. ಬನಿಯನ್ ತಾಗಿದರೂ ಜೀವ ಹೋಗುತ್ತಿತ್ತು. ಯಾರಿಗೆ ಹೇಳುವುದು? ಬಯ್ಯಪ್ಪನೆದುರೇ ಅಂಗಿ ಬಿಚ್ಚಿದ. ಬಯ್ಯಪ್ಪ ಎರಡು ಬೆರಳಲ್ಲಿ ಒತ್ತಿ ನೋಡಿ, ಕಡಸುಗಳ ಬಗ್ಗೆ ಹೇಳುವ ಅದೇ ಗಂಭೀರ ದನಿಯಲ್ಲಿ, "ಕೆಚ್ಚಲು ಕಟ್ತಾ ಐತೆ ಕಣಪ್ಪ" ಎಂದ.

ಚಿಕ್ಕಬಳ್ಳಾಪುರದ ಡಾಕ್ಟರು ಅದನ್ನೇ ಸಭ್ಯವಾಗಿ ಹೇಳಿದರು. ಹೆಂಗಸರ ಹಾಗೆ ಎದೆ ಬೆಳೆಯುತ್ತಿದೆ, ಇದು ಸೀಸೆಯ ಪ್ರಸಾದ, ಮೊದಲು ಅದನ್ನು ಬಿಡಿ, ಇಳಿಯದಿದ್ದರೆ ಆಪರೇಷನ್. ದೊಡ್ಡ ಗಂಡಸಾಗಲು ಹೊರಟವನಿಗೆ ಇಂಥದ್ದು ಆಗಬಾರದಿತ್ತು. ಪಾಪ, ಆಸ್ಪತ್ರೆಯ ಹೊರಗೆ ಬೈಕಿನ ಮೇಲೆ ಕೂತು ಮಗುವಿನ ಹಾಗೆ ಅತ್ತ.

ಸ್ಪರ್ಧೆಯ ದಿನ ಅವನು ಮನೆ ಬಿಟ್ಟು ಕದಲಲಿಲ್ಲ. ಹರಿತಾಳ ಫೋನ್ ಬಂತು.

"ಎಲ್ಲಿದೀರಾ? ಸ್ಟೇಜ್ ಮೇಲೆ ನಿಮ್ ಹೆಸ್ರು ಕೂಗಿ ಕೂಗಿ ಸಾಕಾದ್ರು."

ಮದುವೆ ಮುರಿದರೆ ಮುರಿಯಲಿ ಎಂದು ಅವನು ಸೀಸೆ, ಕೊಟ್ಟಿಗೆ, ಎದೆ, ಬಯ್ಯಪ್ಪನ ಮಾತು ಎಲ್ಲವನ್ನೂ ಹೇಳಿಬಿಟ್ಟ. ಹರಿತಾ ಕೇಳಿದ್ದು ಒಂದೇ ಮಾತು.

"ಇನ್ಮೇಲೆ ಚುಚ್ಚಿಸ್ಕೊಳಲ್ಲ ತಾನೇ?"

"ನಿನ್ನಾಣೆ ಇಲ್ಲ."

"ಸರಿ ಹಂಗಾದ್ರೆ. ನಮ್ಮಪ್ಪಂಗೆ ಹೇಳ್ತೀನಿ, ಬಳುವಳಿಗೆ ಹಸು ಬೇಡ ಅಂತ."